ಬೆಳಕಿಗೂ ಕರೆಂಟ್ ಬಿಲ್ಲು!

ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ವಿದ್ಯುತ್ತಿನ ಲೆಕ್ಕ ಯಾಕಪ್ಪಾ ಅಂತ ಹುಬ್ಬೇರಿಸಬೇಡಿ. ನಾವು ಮೊಬೈಲಿನಲ್ಲಿ ನೋಡುವ ಸಿನಿಮಾ, ಊರಿಗೆ ಕಳಿಸುವ ಹಣ, ಎಲ್ಲವೂ ಎಲ್ಲೋ ಒಂದು ಡೇಟಾ ಸೆಂಟರನ್ನು ಹಾದೇ ಹೋಗಬೇಕು. ಅಂಥ ಕಟ್ಟಡಗಳು ನಮ್ಮ ಐರೋಲಿಯಲ್ಲೂ ಪನ್ವೇಲಿನಲ್ಲೂ ಇವೆ.

ಅದರೊಳಗೆ ಸಾವಿರಾರು ಕಂಪ್ಯೂಟರುಗಳು ಒಂದರೊಡನೊಂದು ಸದಾ ಮಾತಾಡುತ್ತಿರುತ್ತವೆ. ತಾಮ್ರದ ತಂತಿಯಲ್ಲಿ ಅತಿವೇಗದ ಸಂಕೇತ ಕೆಲವೇ ಮೀಟರಿಗೆ ಸುಸ್ತಾಗುತ್ತದೆ. ಆದ್ದರಿಂದ ಗಾಜಿನ ಎಳೆಯಲ್ಲಿ ಬೆಳಕನ್ನು ಕಳಿಸುತ್ತಾರೆ. ಆದರೆ ಕಂಪ್ಯೂಟರಿಗೆ ಅರ್ಥವಾಗುವುದು ವಿದ್ಯುತ್ತಿನ ಭಾಷೆ ಮಾತ್ರ. ಅದಕ್ಕೇ ಎಳೆಯ ಎರಡೂ ತುದಿಗೆ ಒಬ್ಬೊಬ್ಬ ದುಭಾಷಿ ಬೇಕು. ಬೆರಳುದ್ದದ ಆ ಪೆಟ್ಟಿಗೆಯೇ ಟ್ರಾನ್ಸೀವರ್ ಮಾಡ್ಯೂಲು. ವಿದ್ಯುತ್ತನ್ನು ಲೇಸರ್ ಬೆಳಕಾಗಿಸುವುದು, ಬಂದ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವುದು, ಇಷ್ಟೇ ಅದರ ಉದ್ಯೋಗ.

ಸೆಕೆಂಡಿಗೆ 800 ಗಿಗಾಬಿಟ್ ಸಾಗಿಸುವ ಮಾಡ್ಯೂಲು ಸುಮಾರು 15 ವಾಟ್ ತಿನ್ನುತ್ತದೆ. ಇಷ್ಟೇನಾ ಅನ್ನಬೇಡಿ. ಅದಕ್ಕೆ ಭಾನುವಾರವೂ ರಜೆಯಿಲ್ಲ. ವರ್ಷದ 8,760 ಗಂಟೆಗೆ ಒಂದಕ್ಕೇ ಸುಮಾರು 131 ಯೂನಿಟ್. ಹತ್ತು ಸಾವಿರ ಮಾಡ್ಯೂಲಿದ್ದರೆ 13 ಲಕ್ಷ ಯೂನಿಟ್ ದಾಟಿತು! ಅದರ ಶಾಖ ಇಳಿಸುವ ಖರ್ಚು ಬೇರೆ.

ಇದರಲ್ಲಿ ಸುಮಾರು ಅರ್ಧ ತಿನ್ನುವುದು ಡಿಎಸ್‌ಪಿ ಎಂಬ ಚಿಪ್ಪು. ದಾರಿಯಲ್ಲಿ ಕೆಟ್ಟ ಸಂಕೇತವನ್ನು ತಿದ್ದಿ ಶುದ್ಧಪ್ರತಿ ಮಾಡುವ ಗುಮಾಸ್ತ ಅದು. ಈ ಗುಮಾಸ್ತನನ್ನೇ ತೆಗೆದು, ತಿದ್ದುವ ಕೆಲಸವನ್ನು ಸ್ವಿಚ್ಚಿನ ಮುಖ್ಯ ಚಿಪ್ಪಿಗೇ ವಹಿಸಿದರೆ? ಇದೇ ಎಲ್‌ಪಿಒ ಎಂಬ ಉಪಾಯ. ಇದಕ್ಕೆ ಸಮಾನ ನಿಯಮ ರೂಪಿಸಲು 2024ರಲ್ಲಿ ಹಲವು ಕಂಪೆನಿಗಳು ಒಂದುಗೂಡಿದವು. ಮಾಡ್ಯೂಲಿಗೆ 6 ವಾಟ್ ಉಳಿದರೂ ಹತ್ತು ಸಾವಿರಕ್ಕೆ ವರ್ಷಕ್ಕೆ 5,25,600 ಯೂನಿಟ್ ಜಮಾ.

ಖರ್ಚಿನ ಕಡೆಯೂ ನೋಡೋಣ. ಗುಮಾಸ್ತನಿಲ್ಲದ ಮೇಲೆ ಎಳೆ ತೀರ ಉದ್ದವಿರುವಂತಿಲ್ಲ. ಒಂದು ಕಂಪೆನಿಯ ಸ್ವಿಚ್ಚಿಗೆ ಇನ್ನೊಂದರ ಮಾಡ್ಯೂಲು ಹೊಂದದೆ ಹೋಗಬಹುದು. ಸಂಕೇತ ಕೆಟ್ಟರೆ ತಪ್ಪು ಯಾರದು ಅಂತ ಹುಡುಕುವುದೂ ಕಷ್ಟ.

ಇನ್ನೊಂದು ಮಾತು. ಯಂತ್ರ ಮಿತವ್ಯಯಿಯಾದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುತ್ತದೆ ಎಂದು 1865ರಲ್ಲೇ ಅರ್ಥಶಾಸ್ತ್ರಜ್ಞ ಜೆವನ್ಸ್ ಎಚ್ಚರಿಸಿದ್ದ. ಉಳಿದ ಕರೆಂಟಿನಲ್ಲಿ ಇನ್ನಷ್ಟು ಕಂಪ್ಯೂಟರ್ ಕೂರಿಸಿದರೆ ಇಲ್ಲಿಯೂ ಅದೇ ಕಥೆ. ಆದ್ದರಿಂದ ಮಾಡ್ಯೂಲಿನ ಲೆಕ್ಕವೊಂದನ್ನೇ ನೋಡಿ ಚಪ್ಪಾಳೆ ತಟ್ಟುವುದು ಬೇಡ. ಇಡೀ ಕಟ್ಟಡದ ಮೀಟರನ್ನೂ ಓದೋಣ.