ಹಗೇವಿನ ರಾಗಿ, ಹಂದಿ ತೊಟ್ಟಿ

“ಹಂದಿಗೆ ತಾನೇ ಅಕ್ಕ, ಏನಾದ್ರೂ ನಡೆಯುತ್ತೆ ಬಿಡಿ.” ಹಳೇ ಧಾನ್ಯದ ಮೂಟೆ ತಂದವರೆಲ್ಲ ನನಗೆ ಹೇಳುವ ಮಾತು ಇದೇ. ಶನಿವಾರಸಂತೆ ಕಡೆ ಹಂದಿ ಸಾಕುವವಳು ನಾನು. ಈ ಕಸುಬಿನಲ್ಲಿ ಹಾಕಿದ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತದೆ. ಹಾಗಾಗಿ ಗೋದಾಮಲ್ಲೋ ಅಟ್ಟದಲ್ಲೋ ವರ್ಷಗಟ್ಟಲೆ ಬಿದ್ದಿದ್ದ ರಾಗಿ, ಮೆಕ್ಕೆಜೋಳ, ನುಚ್ಚಕ್ಕಿ ಅಗ್ಗಕ್ಕೆ ಸಿಕ್ಕರೆ ನಾನೂ ಬಿಡುವುದಿಲ್ಲ. ಆದರೆ ‘ಏನಾದ್ರೂ ನಡೆಯುತ್ತೆ’ ಅನ್ನುವುದನ್ನು ಮಾತ್ರ ಒಪ್ಪಲಾರೆ. ಮೆಲುಕು ಹಾಕುವ ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬೂಷ್ಟಿನ ಕೆಲವು ವಿಷಗಳನ್ನು ಅಲ್ಲೇ ಮುರಿದುಹಾಕುತ್ತವೆ. ಹಂದಿಗೆ ಆ ಅನುಕೂಲ ಇಲ್ಲ. ಅದರದ್ದೂ ನಮ್ಮ ಹಾಗೆ ಒಂದೇ ಕೋಣೆಯ ಹೊಟ್ಟೆ.

ಕಾಳು ಹಳೆಯದಾಗುವುದು ಬೇರೆ, ಕೆಡುವುದು ಬೇರೆ. ಚೆನ್ನಾಗಿ ಒಣಗಿಸಿಟ್ಟ ಕಾಳಿನಲ್ಲಿ ಪಿಷ್ಟ ಎಲ್ಲೂ ಹೋಗುವುದಿಲ್ಲ, ಪ್ರೋಟೀನು ಹೆಚ್ಚುಕಮ್ಮಿ ಉಳಿಯುತ್ತದೆ. ಕರಗುವುದು ಜೀವಸತ್ವ. ಹಳದಿ ಮೆಕ್ಕೆಜೋಳ ಪೇಲವವಾಗುತ್ತಾ ಬಂದಿತೆಂದರೆ ಅದರೊಳಗಿನ ಕ್ಯಾರೊಟಿನ್ ಹೋಗುತ್ತಿದೆ ಎಂದರ್ಥ. ಅದನ್ನು ಖನಿಜ-ಜೀವಸತ್ವದ ಪುಡಿ ಬೆರೆಸಿ ತುಂಬಿಕೊಳ್ಳಬಹುದು. ತೌಡಿನ ಕಥೆ ಬೇರೆ, ಎಣ್ಣೆ ಅಂಶ ಹೆಚ್ಚಿರುವುದರಿಂದ ಬೇಗ ಕಮಟು ಹಿಡಿಯುತ್ತದೆ. ಹಳೇ ತೌಡು ನಾನು ಮುಟ್ಟುವುದಿಲ್ಲ.

ನನ್ನ ತವರು ಪಿರಿಯಾಪಟ್ಟಣದ ಕಡೆ. ಅಲ್ಲಿ ರಾಗಿಯನ್ನು ಹಗೇವಿಗೆ ಹಾಕುತ್ತಿದ್ದರು. ನೆಲದಡಿಯ ಗುಳಿ, ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುವುದು. ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಂಡ ಮೇಲೆ ಹುಳಕ್ಕೆ ಬದುಕಿಲ್ಲ. ಮನುಷ್ಯರಿಗೂ ಇಲ್ಲ! ಅದಕ್ಕೇ ಹಗೇವು ತೆಗೆದ ದಿನ ಮೊದಲು ದೀಪ ಇಳಿಬಿಡುವುದು. ದೀಪ ಆರಿದರೆ ಅಜ್ಜಯ್ಯ ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ನಡುವಿನ ರಾಗಿ ಮನೆಗೆ. ಗೋಡೆಯ ಪಕ್ಕ ನೀರು ಜಿನುಗಿ ಕಪ್ಪಾಗಿ ಹೆಂಟೆಗಟ್ಟಿದ್ದು ತಿಪ್ಪೆಗೆ. ಒಂದೇ ಗುಳಿಯ, ಒಂದೇ ವಯಸ್ಸಿನ ರಾಗಿ ಅದು.

ಮೂಟೆ ಬಂದರೆ ನಾನು ಬಾಯಿ ಬಿಚ್ಚಿಸಿ ಮೊಣಕೈವರೆಗೆ ಕೈ ತೂರಿಸುತ್ತೇನೆ. ನಡುವೆ ಬಿಸಿ ತಾಗಿದರೆ ಒಳಗೆ ಹುಳವೋ ಬೂಷ್ಟೋ ಕೆಲಸ ನಡೆಸುತ್ತಿದೆ. ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನಬೇಕು. ಅನುಮಾನ ಬಂದರೆ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಜೊತೆಗೆ ಹುರಿದು ತಣಿಸಿದ ಪುಡಿ ಉಪ್ಪು ಹಾಕಿ ಕೆಲವು ನಿಮಿಷ ಕುಲುಕುವುದು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚಿದೆ. ದಾಸ್ತಾನಿಗೆ 12–13 ದಾಟಬಾರದು.

ಹುಳದ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಹುಳ ತಿಂದ ಕಾಳು ನೀರಿಗೆ ಹಾಕಿದರೆ ತೇಲುತ್ತದೆ. ತೇಲುವ ಕಾಳು ಜಾಸ್ತಿಯಿದ್ದರೆ ನಾನು ಕೊಡುತ್ತಿರುವುದು ಸಿಪ್ಪೆಗೆ ದುಡ್ಡು, ಅಷ್ಟೇ. ಹುಳಕ್ಕೆ ಮಾತ್ರೆ ಇಟ್ಟ ಮೂಟೆಯಾದರೆ ಗಾಳಿಗೆ ಬಿಚ್ಚಿಟ್ಟು, ಮಾತ್ರೆಯ ಬೂದಿ ತೆಗೆಸದೆ ಒಳಗೆ ಸೇರಿಸುವುದಿಲ್ಲ.

ಭಯ ಬೂಷ್ಟಿನದು. ಜೋಳದ ಮೇಲೆ ಬೆಳೆಯುವ ಫ್ಯುಸೇರಿಯಂ ಬೂಷ್ಟು ಝಿಯರಲೆನೋನ್ ಎಂಬ ವಿಷ ಬಿಡುತ್ತದೆ. ಅದು ಹೆಣ್ಣು ಹಾರ್ಮೋನಿನ ವೇಷ ಹಾಕಿ ಮೈಯನ್ನು ಏಮಾರಿಸುವ ವಸ್ತು. ಬೆದೆಗೆ ಬರುವ ವಯಸ್ಸೇ ಆಗದ ಹೆಣ್ಣುಮರಿಗಳ ಯೋನಿ ಊದಿ ಕೆಂಪಾಗುತ್ತದೆ, ತಾಯಿಹಂದಿ ಗಬ್ಬ ನಿಲ್ಲುವುದಿಲ್ಲ. ಬೂಷ್ಟು ಹಿಡಿದ ಜೋಳ ತಿಂದ ಹಂದಿಗಳಲ್ಲಿ ಇಂಥ ಊತವನ್ನು 1928ರಲ್ಲೇ ಅಮೆರಿಕದ ಅಯೋವಾದಲ್ಲಿ ಗುರುತಿಸಿ ಬರೆದಿದ್ದಾರೆ. ಇನ್ನೊಂದು ಅಫ್ಲಾಟಾಕ್ಸಿನ್, ಯಕೃತ್ತಿಗೇ ಕೈಹಾಕುವಂಥದ್ದು. 1974ರಲ್ಲಿ ರಾಜಸ್ಥಾನ–ಗುಜರಾತ್ ಗಡಿಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಜೋಳದ ರೊಟ್ಟಿ ತಿಂದ ನಾಯಿಗಳೂ ಉಳಿಯಲಿಲ್ಲ. ‘ಬೇಯಿಸಿ ಹಾಕಿ, ಸರಿಹೋಗುತ್ತೆ’ ಅನ್ನುವವರಿದ್ದಾರೆ. ಕುದಿಸಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ.

ಭಾರತ ಆಹಾರ ನಿಗಮ ಕೂಡ ಕೆಟ್ಟ ಧಾನ್ಯವನ್ನೆಲ್ಲ ಒಂದೇ ರಾಶಿ ಮಾಡುವುದಿಲ್ಲ. ಒಳ್ಳೆಯ ಕಾಳು ಎಷ್ಟು ಪಾಲು ಉಳಿದಿದೆ ನೋಡಿ ಮೇವಿಗೇ ಮೂರು ದರ್ಜೆ, ಆಮೇಲೆ ಕೈಗಾರಿಕೆಗೆ, ಗೊಬ್ಬರಕ್ಕೆ, ಕೊನೆಗೆ ಹೂಳಲಿಕ್ಕೆ ಅಂತ ವಿಂಗಡಿಸುತ್ತದೆ. ನನ್ನ ಮನೆಯಲ್ಲೂ ಹೆಚ್ಚುಕಮ್ಮಿ ಹಾಗೇ. ಹಳೇ ಕಾಳು ಕೊಬ್ಬಿಸುವ ಹಂದಿಗಳಿಗೆ, ಅದೂ ಮೂರರಲ್ಲಿ ಒಂದು ಪಾಲು. ಗಬ್ಬದ ಹಂದಿಗೂ ಹಾಲು ಬಿಟ್ಟ ಮರಿಗೂ ಹೊಸದೇ. ರಾಗಿಯನ್ನಂತೂ ಹಿಟ್ಟು ಮಾಡಿಸಲೇಬೇಕು, ಇಲ್ಲದಿದ್ದರೆ ಇಡೀ ಕಾಳು ಹಾಗೇ ಸಗಣಿಯಲ್ಲಿ ಬೀಳುತ್ತದೆ. ರಾಗಿಯಲ್ಲಿ ಪ್ರೋಟೀನು ಶೇ. 7ರ ಆಸುಪಾಸು, ಜೋಳದಲ್ಲಿ 9. ಬೆಳೆಯುವ ಹಂದಿಗೆ ಬೇಕಾದದ್ದು 16ರಷ್ಟು. ಸೋಯಾ ಹಿಂಡಿ ಸೇರದೆ ಲೆಕ್ಕ ಕೂಡುವುದಿಲ್ಲ.

ಒಂದು ಕಾಳನ್ನು ಮಾತ್ರ ಪುಕ್ಕಟೆ ಕೊಟ್ಟರೂ ಒಳಗೆ ಬಿಡುವುದಿಲ್ಲ: ಬಿತ್ತಿ ಉಳಿದ, ಗುಲಾಬಿಯೋ ಹಸಿರೋ ಬಣ್ಣ ಸವರಿದ ಬೀಜ. 1969ರಲ್ಲಿ ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಒಂದು ಮನೆಯವರು ಪಾದರಸದ ಔಷಧಿ ಹಚ್ಚಿದ್ದ ಬಿತ್ತನೆಬೀಜವನ್ನು ಹಂದಿಗಳಿಗೆ ಹಾಕಿದ್ದರು. ಅವುಗಳಲ್ಲಿ ಒಂದನ್ನು ಕಡಿದು ತಿಂದ ಮನೆಯಲ್ಲಿ ಮೂರು ಮಕ್ಕಳು ನರಗಳೇ ಕೆಟ್ಟು ಹಾಸಿಗೆ ಹಿಡಿದವು. ಮಾಂಸ ಬೇಯಿಸಿದರೂ ಪಾದರಸ ಹೋಗುವುದಿಲ್ಲ. ನಮ್ಮ ಕಡೆಯ ಬೀಜಕ್ಕೆ ಈಗ ಹಚ್ಚುವ ಔಷಧಿ ಬೇರೆ ಇರಬಹುದು, ಆದರೆ ಆ ಬಣ್ಣ ಹಾಕುವುದೇ ಯಾರೂ ತಿನ್ನದಿರಲಿ ಅಂತ. “ತೊಳೆದರೆ ಬಣ್ಣ ಹೋಗುತ್ತೆ ಅಕ್ಕ” ಎಂದು ಒಬ್ಬಾತ ಕೈಯಲ್ಲೇ ಉಜ್ಜಿ ತೋರಿಸಿದ. ಅವನಿಗೆ ಸೋಪು ಕೊಟ್ಟು, ಮೊದಲು ಕೈ ತೊಳಕೊಳ್ಳಪ್ಪ ಎಂದೆ.