ಖಂಡಾವರಣ ಸಮುದ್ರಗಳ ಮುನ್ಸೂಚನೆ: ಉತ್ತರ ಸಮುದ್ರದ ಪಾಠ

ಭೂಖಂಡಗಳ ಅಂಚಿನಲ್ಲಿ, ಸಾಮಾನ್ಯವಾಗಿ 200 ಮೀಟರಿಗೂ ಕಡಿಮೆ ಆಳದಲ್ಲಿ ಹರಡಿರುವ ಜಲರಾಶಿಯನ್ನು ಖಂಡಾವರಣ ಸಮುದ್ರವೆಂದು ಕರೆಯುತ್ತಾರೆ. ಬಂದರುಗಳೂ ಮೀನುಗಾರಿಕೆಯೂ ಬಹುಮಟ್ಟಿಗೆ ಈ ವಲಯವನ್ನೇ ಆಶ್ರಯಿಸಿವೆ. ಆಳ ಕಡಿಮೆಯಾದಷ್ಟೂ ಗಾಳಿಯ ತಳ್ಳುವಿಕೆಯಿಂದ ನೀರಿನ ಮಟ್ಟ ಹೆಚ್ಚು ಏರುತ್ತದೆ. ಆದ್ದರಿಂದ ಈ ಸಮುದ್ರಗಳ ನಡೆಯನ್ನು ಮುಂಚಿತವಾಗಿ ಅರಿಯುವುದು ಕೇವಲ ಶಾಸ್ತ್ರೀಯ ಕುತೂಹಲವಲ್ಲ, ತೀರವಾಸಿಗಳ ಪ್ರಾಣರಕ್ಷಣೆಯ ಪ್ರಶ್ನೆ.

ಉಬ್ಬರವಿಳಿತಗಳಿಗೆ ಸೂರ್ಯಚಂದ್ರರ ಆಕರ್ಷಣೆಯೇ ಕಾರಣವಾದುದರಿಂದ ಅವುಗಳನ್ನು ವರ್ಷಗಳಷ್ಟು ಮೊದಲೇ ಗಣಿಸಬಹುದು. 19ನೆಯ ಶತಮಾನದಲ್ಲಿಯೇ ಕೆಲ್ವಿನ್ ಇದಕ್ಕಾಗಿ ಯಂತ್ರವೊಂದನ್ನು ರೂಪಿಸಿದ್ದನು. ಬಿರುಗಾಳಿ ಎಬ್ಬಿಸುವ ಉಬ್ಬರದ ಸ್ವರೂಪವೇ ಬೇರೆ. ವಾಯುಭಾರ 1 ಹೆಕ್ಟೋಪ್ಯಾಸ್ಕಲ್ ಕುಸಿದರೆ ನೀರಿನ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಇದಕ್ಕೆ ಗಾಳಿಯ ಒತ್ತಡವೂ ಕೂಡಿದಾಗ ಏರಿಕೆ ಮೀಟರುಗಳನ್ನು ಮುಟ್ಟಬಹುದು.

1953ರ ಜನವರಿ 31ರಂದು ಉತ್ತರ ಸಮುದ್ರದಲ್ಲಿ ನಡೆದುದು ಇದೇ. ಸಂಜೆ ಇಂಗ್ಲೆಂಡಿನ ಲಿಂಕನ್‌ಶೈರ್ ತೀರಕ್ಕೆ ನುಗ್ಗಿದ ನೀರು ನಡುರಾತ್ರಿ ಕಳೆದ ಮೇಲೆ ಥೇಮ್ಸ್ ಮುಖದ ಕ್ಯಾನ್ವೆ ದ್ವೀಪವನ್ನು ಮುಳುಗಿಸಿತು. ಬೆಳಗಿನ ಜಾವದ ಹೊತ್ತಿಗೆ ನೆದರ್ಲೆಂಡ್ಸಿನ ಒಡ್ಡುಗಳು ಒಡೆದವು. ಇಂಗ್ಲೆಂಡಿನಲ್ಲಿ 307, ನೆದರ್ಲೆಂಡ್ಸಿನಲ್ಲಿ 1,836 ಜನ ಮಡಿದರು. ಸಮುದ್ರವು ಗಂಟೆಗಳ ಕಾಲಾವಕಾಶ ನೀಡಿತ್ತು. ಆದರೆ ಉತ್ತರದ ಊರುಗಳ ಅನುಭವ ದಕ್ಷಿಣದ ಊರುಗಳಿಗೆ ಎಚ್ಚರಿಕೆಯಾಗಿ ತಲುಪಲಿಲ್ಲ.

ಈ ಕಾಲಾವಕಾಶವನ್ನು ಬಳಸಿಕೊಳ್ಳುವ ಸಾಧನವೇ ಗಣಕ ಮಾದರಿ. ಇದರಲ್ಲಿ ಸಮುದ್ರವನ್ನು ಸಣ್ಣ ಚೌಕಗಳ ಜಾಲವಾಗಿ ವಿಭಜಿಸಿ, ಪ್ರತಿ ಚೌಕದಲ್ಲೂ ನೀರಿನ ಮಟ್ಟ ಮತ್ತು ಪ್ರವಾಹಗಳನ್ನು ಚಲನೆಯ ಸಮೀಕರಣಗಳಿಂದ ಹಂತಹಂತವಾಗಿ ಗಣಿಸಲಾಗುತ್ತದೆ. 50 ಮೀಟರ್ ಆಳದಲ್ಲಿ ಇಂಥ ದೀರ್ಘ ಅಲೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 4,000 ಮೀಟರ್ ಆಳದಲ್ಲಾದರೆ ಅದರ ವೇಗ 700 ಕಿಲೋಮೀಟರನ್ನು ಮೀರುತ್ತದೆ. ಆದ್ದರಿಂದ ತಳದ ಆಳದ ನಕ್ಷೆ ನಿಖರವಾಗಿರಬೇಕು. ಜಾಲದ ಹೊರ ಅಂಚಿನಲ್ಲಿ ಸಾಗರದಿಂದ ಏನು ಒಳಬರುತ್ತಿದೆ ಎಂಬುದೂ ತಿಳಿದಿರಬೇಕು. ಬ್ರಿಟನ್ನಿನಲ್ಲಿ ನಾರ್ಮನ್ ಹೀಪ್ಸ್ ಮೊದಲಾದವರ ಸಂಶೋಧನೆಯ ಫಲವಾಗಿ 1978ರಿಂದ ಇಂಥ ಮಾದರಿ ನಿತ್ಯದ ಮುನ್ಸೂಚನೆಗೆ ಬಳಕೆಯಾಯಿತು.

ಮಾದರಿಗೂ ಮಿತಿಗಳುಂಟು. ಹವಾಮಾನದ ಅಂದಾಜು ತಪ್ಪಿದರೆ ಸಮುದ್ರದ ಅಂದಾಜೂ ತಪ್ಪುತ್ತದೆ. ಬಿರುಗಾಳಿಯ ಏರಿಕೆ ಇಳಿತದ ವೇಳೆಗೆ ಬಂದರೆ ನಿರಪಾಯ, ಉಬ್ಬರದ ವೇಳೆಗೆ ಬಂದರೆ ಅನಾಹುತ. ಕೆಲವೇ ಗಂಟೆಗಳ ವ್ಯತ್ಯಾಸ ಫಲಿತಾಂಶವನ್ನೇ ಬದಲಿಸುವುದರಿಂದ, ಗಾಳಿಯ ಅಂದಾಜನ್ನು ತುಸುತುಸು ಬದಲಿಸಿ ಮಾದರಿಯನ್ನು ಹಲವು ಬಾರಿ ನಡೆಸಿ ಸಂಭವನೀಯತೆಯನ್ನು ಅಳೆಯುತ್ತಾರೆ. 2013ರ ಡಿಸೆಂಬರ್ 5ರಂದು ಕೆಲವೆಡೆ ನೀರು 1953ರ ಮಟ್ಟವನ್ನೂ ಮೀರಿತು. ಆದರೆ ಮುನ್ಸೂಚನೆಯಂತೆ ಸಾವಿರಾರು ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು, ತಡೆಗೋಡೆಗಳೂ ಬಲಗೊಂಡಿದ್ದವು. ಹಿಂದಿನ ಜೀವಹಾನಿ ಮರುಕಳಿಸಲಿಲ್ಲ.

ಈ ಪಾಠ ನಮ್ಮ ಪಶ್ಚಿಮ ಕರಾವಳಿಗೂ ಪ್ರಸ್ತುತ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಅಲೆಗಳು ದಿನಗಳ ಪಯಣದ ನಂತರ ಇಲ್ಲಿಯ ಶುಭ್ರ ಆಕಾಶದ ಕೆಳಗೇ ದಡಕ್ಕೆ ನುಗ್ಗುವುದುಂಟು. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಸ್ಥಳೀಯ ಗಾಳಿಯನ್ನಷ್ಟೇ ಗಮನಿಸುವವರಿಗೆ ಇದರ ಸುಳಿವು ಸಿಗದು. 1999ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಗಣಕ ಮಾದರಿಗಳ ನೆರವಿನಿಂದ ಇಂಥ ಅಲೆಗಳ ಮುನ್ಸೂಚನೆ ನೀಡುತ್ತಿದೆ. ಆದರೆ ಗಣನೆ ಎಷ್ಟೇ ನಿಖರವಾದರೂ, ದೋಣಿ ನೀರಿಗಿಳಿಯುವ ಮೊದಲು ಅದು ಬೆಸ್ತರ ಕಿವಿಗೆ ಅವರ ನುಡಿಯಲ್ಲಿ ತಲುಪಿದಾಗಲೇ ಈ ವಿಜ್ಞಾನ ಸಾರ್ಥಕವಾಗುತ್ತದೆ.