ಡೇರೆ ಹಾಕಲು ನಾಲ್ಕು ಚೆಲುವಿನ ತಾಣಗಳು

ಹಿಮದ ಬೆಟ್ಟ, ಮರಳುಗಾಡು, ಕಣಿವೆ, ನದಿತೀರ: ಡೇರೆಯಲ್ಲಿ ರಾತ್ರಿ ಕಳೆಯಬಯಸುವವರಿಗೆ ಭಾರತದಲ್ಲಿ ಎಲ್ಲ ಬಗೆಯ ನೆಲವೂ ಇದೆ. ಒಂದೊಂದಕ್ಕೂ ಅದರದೇ ಕಾಲ, ಅದರದೇ ಸಿದ್ಧತೆ ಬೇಕು.

ಹಿಮಾಚಲ ಪ್ರದೇಶದ ಸ್ಪಿತಿ ಸೀಮೆಯ ಚಂದ್ರತಾಲ್ ಸರೋವರ ಸುಮಾರು 4,300 ಮೀಟರ್ ಎತ್ತರದಲ್ಲಿದೆ. ಹಿಮ ಕರಗಿ ದಾರಿ ತೆರೆಯುವ ಬೇಸಿಗೆಯ ಕೆಲವೇ ತಿಂಗಳು ಇಲ್ಲಿಗೆ ಹೋಗಬಹುದು. ಬೋಳುಬೆಟ್ಟಗಳ ನಡುವಿನ ಈ ನೀರು ಹೊತ್ತೇರಿದಂತೆ ಹಸಿರಿನಿಂದ ಕಡುನೀಲಿಗೆ ತಿರುಗುತ್ತದೆ. 2005ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸೂಕ್ಷ್ಮ ತಾಣವಾದ್ದರಿಂದ ದಂಡೆಯ ಮೇಲೆ ಡೇರೆ ಹಾಕುವಂತಿಲ್ಲ. ಶಿಬಿರಗಳು ಸ್ವಲ್ಪ ದೂರದಲ್ಲಿವೆ. ಇಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಸುಮಾರು 40% ಕಡಿಮೆ. ಒಂದೇ ಏಟಿಗೆ ಏರಿದವರನ್ನು ತಲೆನೋವು, ವಾಕರಿಕೆ ಕಾಡುತ್ತವೆ. ದಾರಿಯಲ್ಲಿ ಒಂದೆರಡು ದಿನ ತಂಗಿ ಮೈ ಒಗ್ಗಿಸಿಕೊಳ್ಳುವುದೇ ಇದಕ್ಕೆ ಮದ್ದು.

ರಾಜಸ್ಥಾನದ ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳುದಿಬ್ಬಗಳಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಸರಿಯಾದ ಕಾಲ. ಮರಳು ಬೇಗ ಕಾಯುತ್ತದೆ, ಅಷ್ಟೇ ಬೇಗ ತಣಿಯುತ್ತದೆ. ಹಗಲು ಬೆಚ್ಚಗಿದ್ದರೂ ರಾತ್ರಿಗೆ ಉಣ್ಣೆಯ ಹೊದಿಕೆ ಬೇಕೇ ಬೇಕು.

ನಾಗಾಲ್ಯಾಂಡ್–ಮಣಿಪುರ ಗಡಿಯ ಜುಕೋ ಕಣಿವೆಯ ಇಳಿಜಾರುಗಳನ್ನು ಗಿಡ್ಡ ಬಿದಿರು ಹಸಿರು ಹಾಸಿನಂತೆ ಮುಚ್ಚಿದೆ. ಮಳೆಗಾಲದ ಮೊದಲಲ್ಲಿ ಇಲ್ಲಿ ಲಿಲ್ಲಿ ಹೂಗಳು ಅರಳುತ್ತವೆ. ನಾಗಾಲ್ಯಾಂಡ್ ಪ್ರವೇಶಕ್ಕೆ ಇನ್ನರ್ ಲೈನ್ ಪರ್ಮಿಟ್ ಕಡ್ಡಾಯ.

ಕರ್ನಾಟಕದಲ್ಲಿ ಕಾವೇರಿ ದಂಡೆಯ ಭೀಮೇಶ್ವರಿ ಕುಟುಂಬದೊಂದಿಗೆ ಹೋಗಲು ಅನುಕೂಲ. ಇಲ್ಲಿನ ಶಿಬಿರವನ್ನು ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ನಡೆಸುತ್ತದೆ.

ಎಲ್ಲಿಯೇ ಆಗಲಿ, ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ತಂಗಬಾರದು. ಒಣಗಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬಾರದು. ಮೇಲೆಲ್ಲೋ ಸುರಿದ ಮಳೆ ದಿಢೀರನೆ ನೀರು ತರಬಹುದು. ಕಸವನ್ನು ತಂದವರೇ ವಾಪಸು ಒಯ್ಯಬೇಕು.